ಕಾಣಲಿಲ್ಲ ಅಂದರೆ ಇಲ್ಲ ಅಂತಲೇ? ಪರ್ತ್, ಅಡಿಲೇಡ್, ಬ್ರಿಸ್ಬೇನ್‌ನಲ್ಲಿ ಆಮೆ, ಹಾವುರಾಣಿ, ಕಪ್ಪೆಗಳ ಹುಡುಕಾಟ

ಈ ಸಲದ ಕಂತು ರಾತ್ರಿ ಹೊತ್ತು ಟಾರ್ಚ್ ಹಿಡಿದು ಹಳ್ಳದ ದಂಡೆಯಲ್ಲಿ, ಬಂಡೆ ಸಂದಿಯಲ್ಲಿ, ಜೌಗಿನ ಅಂಚಿನಲ್ಲಿ ಹಾವು, ಹಲ್ಲಿ, ಆಮೆ, ಕಪ್ಪೆ ಹುಡುಕಿಕೊಂಡು ಹೋಗುವವರ ಬಗ್ಗೆ. ಹಿಡಿಯೋಕಲ್ಲ, ಬರೀ ನೋಡೋಕೆ. ಇಂಗ್ಲಿಷಿನವರು ಇದಕ್ಕೆ ಹರ್ಪಿಂಗ್ ಅಂತಾರೆ. ಕೇಳೋಕೆ ಹೊಸ ಶೋಕಿಯ ಹಾಗಿದ್ದರೂ ಈ ಪದ ನಮಗೆ ಅಷ್ಟೇನೂ ದೂರದ್ದಲ್ಲ. ಗ್ರೀಕ್ ಭಾಷೆಯಲ್ಲಿ ಹರ್ಪೆಟಾನ್ ಅಂದರೆ ತೆವಳುವ ಪ್ರಾಣಿ. ಅದರ ಮೂಲ ಧಾತುವೂ ಸಂಸ್ಕೃತದ 'ಸರ್ಪ' ಶಬ್ದದ ಧಾತುವೂ ಒಂದೇ. ಗ್ರೀಕರ ಬಾಯಲ್ಲಿ ಸಕಾರ ಹಕಾರವಾಯಿತು, ಅಷ್ಟೇ ವ್ಯತ್ಯಾಸ. ಹಳೆಗನ್ನಡದ ಪಕಾರ ನಮ್ಮಲ್ಲಿ ಹಕಾರ ಆಗಲಿಲ್ಲವೇ, 'ಪಾವು' 'ಹಾವು' ಆದ ಹಾಗೆ!

ಕನ್ನಡ ಓದುಗರಿಗೆ ಇಂಥ ಹುಡುಕಾಟದ ರುಚಿ ಹತ್ತಿಸಿದವರು ತೇಜಸ್ವಿ. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ಒಂದು ತಂಡವೇ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕುತ್ತದೆ. ಅದು ಕಥೆ. ಈವತ್ತು ನಾವು ಹೇಳಹೊರಟಿರುವ ಮೂರು ಪ್ರಾಣಿಗಳದ್ದು ನಿಜವಾಗಿ ನಡೆದದ್ದು. ಮೂರೂ ಆಸ್ಟ್ರೇಲಿಯಾದವು, ಮೂರೂ ದೊಡ್ಡ ಊರುಗಳ ಪಕ್ಕದವು. ಪರ್ತ್‌ನ ಹತ್ತಿರದ ಒಂದು ಆಮೆ, ಅಡಿಲೇಡ್‌ನ ಒಂದು ಹಾವುರಾಣಿ, ಬ್ರಿಸ್ಬೇನ್‌ನ ಉತ್ತರಕ್ಕಿರುವ ಬೆಟ್ಟಗಳ ಒಂದು ಕಪ್ಪೆ. ಮೂರನ್ನೂ ಒಂದಲ್ಲ ಒಂದು ಕಾಲದಲ್ಲಿ ಜನ ಹುಡುಕಿ ಹುಡುಕಿ ಸೋತು, 'ಹೋಯ್ತು, ಇನ್ನಿಲ್ಲ' ಅಂದಿದ್ದರು. ಎರಡು ವಾಪಸ್ ಬಂದವು. ಒಂದು ಬರಲಿಲ್ಲ.

ಮೊದಲು ಪರ್ತ್‌ಗೆ ಹೋಗೋಣ.

ಪರ್ತ್‌ನಲ್ಲಿ ಇರುವ ನಮ್ಮವರಿಗೆ ಬಾಬ್‌ಟೇಲ್ ಗೊತ್ತೇ ಇರುತ್ತದೆ. ವಸಂತ ಬಂತು ಅಂದರೆ, ಅಂದರೆ ಅಲ್ಲಿನ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ರಸ್ತೆ ಬದಿಯಲ್ಲಿ, ಹಿತ್ತಲಲ್ಲಿ, ಪೈನ್ ಮರದ ಕಾಯಿಗೆ ನಾಲ್ಕು ಕಾಲು ಬಂದ ಹಾಗೆ ಒಂದು ಪ್ರಾಣಿ ನಿಧಾನವಾಗಿ ನಡೆದು ಹೋಗುತ್ತದೆ. ತಲೆ ಯಾವುದು ಬಾಲ ಯಾವುದು ಅಂತ ಮೊದಲ ನೋಟಕ್ಕೆ ತಿಳಿಯೋದಿಲ್ಲ. ಹತ್ತಿರ ಹೋದರೆ ಬಾಯಿ ಅಗಲಿಸಿ ನೀಲಿ ನಾಲಗೆ ತೋರಿಸುತ್ತದೆ. ಅದು ನಮ್ಮ ಹಿತ್ತಲಿನ ಹಾವುರಾಣಿಯ ಬಂಧುವೇ, ವಿಷ ಇಲ್ಲ. ಇನ್ನು ಕೆರೆಗಳ ಹತ್ತಿರ ರಾತ್ರಿ ಯಾರೋ ಹಳೇ ಬೈಕಿನ ಗೇರ್ ಬದಲಾಯಿಸಿದ ಹಾಗೆ ಕೇಳಿಸಿದರೆ ಅದು ಮೋಟರ್‌ಬೈಕ್ ಕಪ್ಪೆ. ಹೆಸರಿಟ್ಟವರಿಗೆ ಕಿವಿ ಚೆನ್ನಾಗಿತ್ತು. ಅಲ್ಲಿನ ಮರಳು ನೆಲದಲ್ಲಿ ಆಮೆಗಪ್ಪೆ ಅಂತ ಕರೆಯಬಹುದಾದ ಇನ್ನೊಂದಿದೆ. ಚಿಪ್ಪು ಕಳಚಿಟ್ಟ ಆಮೆಯ ಹಾಗೆ ಗುಂಡಗೆ, ಗುಲಾಬಿ ಕಂದು ಬಣ್ಣ, ಗೆದ್ದಲೇ ಆಹಾರ. ಬಿಲ ತೋಡುವ ಬಹುಪಾಲು ಕಪ್ಪೆಗಳು ಹಿಂಗಾಲಿನಿಂದ ಹಿಂದಕ್ಕೆ ಸರಿಯುತ್ತಾ ತೋಡಿದರೆ ಇದು ತಲೆ ಮುಂದೆ ಮಾಡಿ ಮುಂಗಾಲಿನಿಂದ ತೋಡುತ್ತದೆ. ಮೊಟ್ಟೆ ಇಡೋದು ಒಂದು ಮೀಟರಿಗೂ ಆಳದ ಮರಳಿನಲ್ಲಿ. ಅಲ್ಲಿ ನೀರೆಲ್ಲಿ ಬರಬೇಕು? ಹಾಗಾಗಿ ಇದಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ಬರೋದು ನೇರವಾಗಿ ಪುಟ್ಟ ಕಪ್ಪೆ.

ಆದರೆ ನಮ್ಮ ಮೊದಲ ಕಥೆ ಜೌಗಿನ ಆಮೆಯದ್ದು. 1839ರಲ್ಲಿ ಲುಡ್ವಿಗ್ ಪ್ರೈಸ್ ಎಂಬ ಜರ್ಮನ್ ಸಂಗ್ರಾಹಕ ಪಶ್ಚಿಮ ಆಸ್ಟ್ರೇಲಿಯಾದಿಂದ ಒಂದು ಚಿಕ್ಕ ಆಮೆಯನ್ನು ಕೊಂಡೊಯ್ದ. ಅದು ಹೋಗಿ ವಿಯೆನ್ನಾದ ಮ್ಯೂಸಿಯಂ ಸೇರಿತು. ಸುಮಾರು ಅರವತ್ತು ವರ್ಷ ಅಲ್ಲೇ ಕೂತಿದ್ದ ಮೇಲೆ, 1901ರಲ್ಲಿ, ಸೀಬನ್‌ರಾಕ್ ಎಂಬ ವಿಜ್ಞಾನಿ ಇದೊಂದು ಹೊಸ ಪ್ರಭೇದ ಅಂತ ವಿವರಿಸಿದರು. ಆದರೆ ಎಲ್ಲಿ ಸಿಕ್ಕಿದ್ದು? ಚೀಟಿಯ ಮೇಲೆ ಹೊಸ ಹಾಲೆಂಡ್ ಅಂತಷ್ಟೇ ಇತ್ತು. ಆಸ್ಟ್ರೇಲಿಯಾಕ್ಕೆ ಆಗಿನ ಹೆಸರು ಅದು. ಒಂದು ಇಡೀ ಖಂಡವೇ ವಿಳಾಸವಾದರೆ ಹುಡುಕೋದು ಎಲ್ಲಿಂದ?

1953ರಲ್ಲಿ ಪರ್ತ್‌ನ ಹೊರವಲಯದ ಅಪ್ಪರ್ ಸ್ವಾನ್ ಕಡೆಯ ಒಬ್ಬ ಶಾಲಾ ಹುಡುಗನಿಗೆ ಸಿಕ್ಕಿದ ಆಮೆಯೊಂದು ವನ್ಯಜೀವಿ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ತಿಳಿದವರ ಕಣ್ಣಿಗೆ ಬಿತ್ತು. ಪಶ್ಚಿಮ ಆಸ್ಟ್ರೇಲಿಯಾ ಮ್ಯೂಸಿಯಂನ ಲುಡ್ವಿಗ್ ಗ್ಲಾವರ್ಟ್ ಅದಕ್ಕೆ ಹೊಸ ಹೆಸರನ್ನೇ ಕೊಟ್ಟರು. ಆಮೇಲೆ ನೋಡಿದರೆ ಅದು ವಿಯೆನ್ನಾದಲ್ಲಿ ಕೂತಿದ್ದ ಅದೇ ಆಮೆ. 114 ವರ್ಷ ವಿಜ್ಞಾನಿಗಳ ಕಣ್ಣಿಗೆ ಬೀಳದ ಪ್ರಾಣಿ ಒಬ್ಬ ಹುಡುಗನ ಕೈಲಿತ್ತು! ಆ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರನ್ನು ಯಾರಾದರೂ ಸರಿಯಾಗಿ ಕೇಳಿದ್ದರೆ ಇಷ್ಟು ಕಾಲ ಬೇಕಾಗುತ್ತಿತ್ತೇ ಅಂತ ನಮಗಂತೂ ಅನ್ನಿಸುತ್ತದೆ.

ಅದು ಯಾಕೆ ಕಾಣುತ್ತಿರಲಿಲ್ಲ ಅನ್ನೋದು ಅದರ ಬದುಕಿನಲ್ಲೇ ಇದೆ. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಚಿಪ್ಪಿನ ಉದ್ದ ಹೆಚ್ಚೆಂದರೆ 15 ಸೆಂ.ಮೀ. ಆಸುಪಾಸು. ಇರೋದು ಜೇಡಿಮಣ್ಣಿನ ಜೌಗುಗಳಲ್ಲಿ. ಆ ಜೌಗುಗಳಲ್ಲಿ ನೀರು ನಿಲ್ಲೋದು ಚಳಿಗಾಲದ ಮಳೆ ಬಿದ್ದಾಗ, ಅಂದಾಜು ಜೂನ್‌ನಿಂದ ನವೆಂಬರ್‌ವರೆಗೆ. ಆ ಕೆಲವೇ ತಿಂಗಳಲ್ಲಿ ಅದು ನೀರಿನ ಹುಳ, ಗೊದಮೊಟ್ಟೆ ತಿಂದು ವರ್ಷದ ಊಟ ಮುಗಿಸಬೇಕು. ನೀರು ಆರಿದ ಮೇಲೆ ಜೇಡಿಮಣ್ಣಿನ ಬಿರುಕಿನಲ್ಲೋ ತರಗೆಲೆ ಅಡಿಯಲ್ಲೋ ಸೇರಿಕೊಂಡು ಬೇಸಿಗೆ ಪೂರ್ತಿ ನಿದ್ದೆ. ನೀವು ಜನವರಿಯಲ್ಲಿ ಹೋಗಿ ನೂರು ಸಲ ಹುಡುಕಿದರೂ ಒಣಗಿದ ಕೆಸರು ಬಿಟ್ಟು ಏನೂ ಸಿಗೋದಿಲ್ಲ. ಹೆಣ್ಣು ವರ್ಷಕ್ಕೆ ಇಡೋದು ಮೂರರಿಂದ ಐದು ಮೊಟ್ಟೆ ಮಾತ್ರ.

1962ರಲ್ಲಿ ಎಲೆನ್ ಬ್ರೂಕ್ ಮತ್ತು ಟ್ವಿನ್ ಸ್ವಾಂಪ್ಸ್ ಅನ್ನುವ ಎರಡು ಜಾಗಗಳನ್ನು ಇದಕ್ಕಾಗಿ ರಕ್ಷಿತ ಪ್ರದೇಶ ಮಾಡಿದರು. ಆದರೂ 1980ರ ದಶಕದ ಕೊನೆಗೆ ಕಾಡಿನಲ್ಲಿರೋದು, ಸಾಕಿದ್ದು, ಎಲ್ಲ ಸೇರಿ 50ಕ್ಕಿಂತ ಕಡಿಮೆ ಆಮೆಗಳು ಉಳಿದಿದ್ದವು. ಆಗ ಗೆರಾಲ್ಡ್ ಕುಚ್ಲಿಂಗ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಪರ್ತ್ ಮೃಗಾಲಯದಲ್ಲಿ ಮರಿ ಮಾಡಿಸುವ ಕೆಲಸ ಗಟ್ಟಿಯಾಗಿ ಹಿಡಿದುಕೊಂಡರು. ರಕ್ಷಿತ ಪ್ರದೇಶಕ್ಕೆ ನರಿ ನುಗ್ಗದ ಬೇಲಿ ಬಂತು. ಅಲ್ಲಿಂದೀಚೆಗೆ ಮೃಗಾಲಯದಲ್ಲಿ ಸಾವಿರಕ್ಕೂ ಹೆಚ್ಚು ಮರಿಗಳು ಹುಟ್ಟಿವೆ.

ಇಷ್ಟಕ್ಕೇ ಕಥೆ ಸುಖಾಂತ್ಯ ಆಗಬೇಕಿತ್ತು. ಆದರೆ ಮಳೆ ಕೈಕೊಟ್ಟಿತು. 1970ರಿಂದೀಚೆಗೆ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಚಳಿಗಾಲದ ಮಳೆ ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಜೌಗು ತಡವಾಗಿ ತುಂಬಿ ಬೇಗ ಆರಿದರೆ ಮರಿಗಳು ಮೊದಲ ಬೇಸಿಗೆ ತಡೆದುಕೊಳ್ಳುವಷ್ಟು ಮೈ ತುಂಬಿಕೊಳ್ಳೋದಿಲ್ಲ. ಹಾಗಾಗಿ 2016ರಲ್ಲಿ ಒಂದು ಧೈರ್ಯದ ಕೆಲಸ ಮಾಡಿದರು. ಸುಮಾರು 300 ಕಿ.ಮೀ. ದಕ್ಷಿಣಕ್ಕೆ, ಆಗಸ್ಟಾ ಮತ್ತು ನಾರ್ತ್‌ಕ್ಲಿಫ್ ಕಡೆಯ ಜೌಗುಗಳಿಗೆ, ಈ ಆಮೆ ಹಿಂದೆ ಇದ್ದ ದಾಖಲೆಯೇ ಇಲ್ಲದ ಜಾಗಕ್ಕೆ, ಮರಿ ಆಮೆಗಳನ್ನು ಒಯ್ದು ಬಿಟ್ಟರು. ಹವಾಮಾನ ಬದಲಾಗುತ್ತಿದೆ ಎಂಬ ಕಾರಣಕ್ಕೇ ಒಂದು ಬೆನ್ನುಮೂಳೆಯ ಪ್ರಾಣಿಯನ್ನು ಹೊಸ ಊರಿಗೆ ಸಾಗಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಅಲ್ಲಿ ನೀರಿದೆ, ಆದರೆ ಆ ನೀರು ತಣ್ಣಗೆ. ತಣ್ಣೀರಿನಲ್ಲಿ ಆಮೆ ಬೆಳೆಯೋದು ನಿಧಾನ. ನೀರು ಬೇಕೋ ಬಿಸಿಲು ಬೇಕೋ ಅನ್ನುವ ಲೆಕ್ಕಾಚಾರ ಇನ್ನೂ ನಡೆಯುತ್ತಲೇ ಇದೆ.

ಈಗ ಅಡಿಲೇಡ್. ಈ ಕಥೆಯೇ ನಮಗೆ ಎಲ್ಲಕ್ಕಿಂತ ಇಷ್ಟ.

ದೊಡ್ಡ ನೀಲಿ ನಾಲಗೆಯ ಹಾವುರಾಣಿಗಳ ಗುಂಪಿನಲ್ಲೇ ಒಂದು ಕುಳ್ಳ ಇದೆ. ಮೂತಿಯಿಂದ ಬಾಲದ ಬುಡದವರೆಗೆ ಹತ್ತು ಸೆಂ.ಮೀ. ಕೂಡ ಇಲ್ಲ. ನಾಲಗೆ ನೀಲಿಯೂ ಅಲ್ಲ, ಗುಲಾಬಿ. 1863ರಲ್ಲಿ ವಿವರಿಸಿದಾಗ ಅಡಿಲೇಡ್‌ನ ಹೆಸರನ್ನೇ ಇದಕ್ಕೆ ಇಟ್ಟರು, ಟಿಲಿಕ್ವಾ ಅಡಿಲೇಡೆನ್ಸಿಸ್ ಅಂತ. ಪ್ರಪಂಚದ ಮ್ಯೂಸಿಯಂಗಳನ್ನೆಲ್ಲ ಜಾಲಾಡಿದರೂ ಸಿಗುತ್ತಿದ್ದ ಮಾದರಿಗಳು ಇಪ್ಪತ್ತೇ ಇಪ್ಪತ್ತು. ಕೊನೆಯದು ಸಿಕ್ಕಿದ್ದು 1959ರಲ್ಲಿ. ಆಮೇಲೆ ಊರು ಬೆಳೆಯಿತು, ಬಯಲಿಗೆ ನೇಗಿಲು ಬಿತ್ತು, ಗೋಧಿ ಬಂತು. ಗೊತ್ತಿದ್ದವರು ಹೋಗಿ ಹುಡುಕಿದರು. ಕಲ್ಲು ಎತ್ತಿದರು, ಮರದ ದಿಮ್ಮಿ ಮಗುಚಿದರು. ಒಂದೂ ಸಿಗಲಿಲ್ಲ. ಅಳಿದೇ ಹೋಗಿದೆ ಅಂತ ಬಹಳ ಜನ ತೀರ್ಮಾನಕ್ಕೆ ಬಂದರು.

1992ರ ಅಕ್ಟೋಬರ್. ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 160 ಕಿ.ಮೀ. ದೂರದ ಬುರಾ ಎಂಬ ಊರಿನ ಹತ್ತಿರ ಗ್ರಹಾಂ ಆರ್ಮ್‌ಸ್ಟ್ರಾಂಗ್ ಮತ್ತು ಜೂಲಿಯನ್ ರೀಡ್ ಅವರಿಗೆ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಒಂದು ಬ್ರೌನ್ ಸ್ನೇಕ್ ಕಾಣಿಸಿತು. ಹಾವಿನ ಹೊಟ್ಟೆ ಉಬ್ಬಿತ್ತು. ಕುಯ್ದು ನೋಡಿದರೆ ಒಳಗೆ ಈ ಹಾವುರಾಣಿ! 33 ವರ್ಷ ಮನುಷ್ಯರಿಗೆ ಸಿಗದೇ ಇದ್ದದ್ದು ಹಾವಿಗೆ ಸಲೀಸಾಗಿ ಸಿಕ್ಕಿತ್ತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅನ್ನೋ ನಮ್ಮ ಗಾದೆ ಇದೆಯಲ್ಲ, ಇಲ್ಲಿ ಹಾವುರಾಣಿಗೆ ಸತ್ತ ಹಾವು ಸಾಕ್ಷಿ. ವ್ಯತ್ಯಾಸ ಏನಂದರೆ ಈ ಸಾಕ್ಷಿಯನ್ನು ಯಾವ ಕೋರ್ಟೂ ತಳ್ಳಿಹಾಕುವ ಹಾಗಿರಲಿಲ್ಲ.

ಅಲ್ಲೇ ಸುತ್ತಮುತ್ತ ಹುಡುಕಿದಾಗ ಜೀವಂತ ಹಾವುರಾಣಿಗಳೂ ಸಿಕ್ಕವು. ಅವು ಇದ್ದದ್ದು ಎಲ್ಲಿ ಗೊತ್ತೇ? ಜೇಡನ ಬಿಲದಲ್ಲಿ. ಆ ಹುಲ್ಲುಗಾವಲಿನಲ್ಲಿ ತೋಳ ಜೇಡಗಳು, ಬಾಗಿಲು ಕಟ್ಟುವ ಜಾತಿಯ ಜೇಡಗಳು ನೆಟ್ಟಗೆ ಕೆಳಕ್ಕೆ ಬಿಲ ತೋಡುತ್ತವೆ. ಜೇಡ ಬಿಟ್ಟುಹೋದ ಬಿಲವನ್ನು ಈ ಹಾವುರಾಣಿ ಬಾಡಿಗೆ ಇಲ್ಲದೆ ಹಿಡಿದುಕೊಳ್ಳುತ್ತದೆ. ಬಿಲದ ಬಾಯಿ ಅದರ ತಲೆಯಷ್ಟೇ ಅಗಲ. ಬೆಳಗ್ಗೆ ತಲೆ ಮಾತ್ರ ಹೊರಗಿಟ್ಟು ಬಿಸಿಲು ಕಾಯಿಸುತ್ತದೆ. ಮಿಡತೆ ಹತ್ತಿರ ಬಂದರೆ ಚಂಗನೆ ಹಾರಿ ಹಿಡಿದು ವಾಪಸ್. ನಿಮ್ಮ ಹೆಜ್ಜೆ ಸಪ್ಪಳ ಕೇಳಿದರೆ ಒಳಕ್ಕೆ. ಜೀವನದ ಬಹುಭಾಗ ಒಂದು ತೂತಿನಲ್ಲೇ ಕಳೆಯೋ ಪ್ರಾಣಿಯನ್ನು ಜನ ಕಲ್ಲಿನ ಅಡಿ ಹುಡುಕುತ್ತಿದ್ದರು.

ಇಲ್ಲಿ ಒಂದು ನಿಮಿಷ ನಿಂತು ಲೆಕ್ಕ ನೋಡೋಣ, ಯಾಕಂದರೆ ಇಡೀ ಕಂತಿನ ತಿರುಳು ಇಲ್ಲಿದೆ. ಒಂದು ಹಳ್ಳದಲ್ಲಿ ಒಂದು ಕಪ್ಪೆ ಇದ್ದೇ ಇದೆ ಅಂತ ಇಟ್ಟುಕೊಳ್ಳಿ. ನೀವು ಒಂದು ರಾತ್ರಿ ಹೋದರೆ ಅದು ಕಾಣುವ ಸಾಧ್ಯತೆ ಐದರಲ್ಲಿ ಒಂದು, ಅಂದರೆ ಶೇ. 20. ಕಾಣದೇ ಹೋಗುವ ಸಾಧ್ಯತೆ ಶೇ. 80. ಎರಡು ರಾತ್ರಿ ಹೋದರೆ ಎರಡೂ ಸಲ ಕಾಣದಿರುವ ಸಾಧ್ಯತೆ 80ರಲ್ಲಿ ಶೇ. 80, ಅಂದರೆ ಶೇ. 64. ಹೀಗೇ ಗುಣಿಸುತ್ತಾ ಹೋಗಿ. ಹತ್ತು ರಾತ್ರಿ ಸತತವಾಗಿ ಹೋಗಿ ಬರಿಗೈಲಿ ಬರುವ ಸಾಧ್ಯತೆ ಸುಮಾರು ಶೇ. 11. ಇಪ್ಪತ್ತು ರಾತ್ರಿಗೆ ಅದು ಶೇ. 1ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಒಂದೆರಡು ಸಲ ಹೋಗಿ 'ಇಲ್ಲ' ಅನ್ನೋದು ತಪ್ಪು, ಇಪ್ಪತ್ತು ಸಲ ಹೋಗಿ 'ಇಲ್ಲ' ಅಂದರೆ ಸ್ವಲ್ಪ ನಂಬಬಹುದು.

ಆದರೆ ಈ ಲೆಕ್ಕ ನಿಂತಿರೋದು ಆ ಮೊದಲ ಶೇ. 20ರ ಮೇಲೆ. ಅದೇ ಸೊನ್ನೆ ಆಗಿದ್ದರೆ? ಸೊನ್ನೆಯನ್ನು ಸಾವಿರ ರಾತ್ರಿಯಿಂದ ಗುಣಿಸಿದರೂ ಸೊನ್ನೆಯೇ. ಜೇಡನ ಬಿಲದಲ್ಲಿರುವ ಪ್ರಾಣಿಯನ್ನು ಕಲ್ಲಿನ ಅಡಿ ಹುಡುಕಿದರೆ, ಜೂನ್‌ನಲ್ಲಿ ಏಳುವ ಆಮೆಯನ್ನು ಜನವರಿಯಲ್ಲಿ ಹುಡುಕಿದರೆ, ನಿಮ್ಮ ಶ್ರಮದ ಪಟ್ಟಿ ಉದ್ದ ಆಗುತ್ತದೆಯೇ ಹೊರತು ಪ್ರಾಣಿಯ ಬಗ್ಗೆ ಏನೂ ತಿಳಿಯೋದಿಲ್ಲ. ಹಾಗಾಗಿಯೇ ಈಗ ಸಮೀಕ್ಷೆ ಮಾಡುವವರು ಕಂಡದ್ದನ್ನು ಮಾತ್ರ ಬರೆದುಕೊಳ್ಳೋದಿಲ್ಲ. ಎಷ್ಟು ಹೊತ್ತು ಹುಡುಕಿದೆವು, ಎಲ್ಲಿ, ಯಾವ ತಿಂಗಳು, ಉಷ್ಣಾಂಶ ಎಷ್ಟಿತ್ತು, ಮಳೆ ಬಂದಿತ್ತೇ, ಎಲ್ಲ ಬರೆಯುತ್ತಾರೆ. ಏನೂ ಕಾಣದ ರಾತ್ರಿಯ ಟಿಪ್ಪಣಿಗೂ ಬೆಲೆ ಇದೆ.

ಬಿಲ ಅಂತ ಗೊತ್ತಾದ ಮೇಲೆ ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರ ಹುಡುಕಾಟದ ರೀತಿಯೇ ಬದಲಾಯಿತು. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಇಳಿಬಿಡುವ ಎಂಡೋಸ್ಕೋಪ್ ಇರುತ್ತದಲ್ಲ, ಅಂಥದ್ದೇ ಕೊಳವೆಯನ್ನು ಬಿಲಗಳಿಗೆ ಇಳಿಸಿ ನೋಡಲು ಶುರುಮಾಡಿದರು. ಹಿಡಿದು ತೂಕ ಮಾಡಬೇಕಿದ್ದರೆ ಗಾಳದ ದಾರಕ್ಕೆ ಹುಳ ಕಟ್ಟಿ ಬಿಲದ ಬಾಯಲ್ಲಿ ಆಡಿಸೋದು, ಮೀನು ಹಿಡಿಯೋ ಹಾಗೆ. ಸಣ್ಣವರಿದ್ದಾಗ ತೋಟದಲ್ಲಿ ಹುಲ್ಲುಕಡ್ಡಿ ಇಳಿಸಿ ಬಿಲದಿಂದ ಜೇಡ ಎಬ್ಬಿಸಿದವರಿಗೆ ಇದು ಅರ್ಥವಾಗುತ್ತದೆ! ಈಗ ಗೊತ್ತಿರುವ ನೆಲೆಗಳೆಲ್ಲ ಆ ರಾಜ್ಯದ ಮಧ್ಯ ಉತ್ತರ ಭಾಗದ ಚೂರುಪಾರು ಹುಲ್ಲುಗಾವಲುಗಳು, ಅದರಲ್ಲೂ ಬಹಳಷ್ಟು ಕುರಿ ಮೇಯಿಸುವ ಖಾಸಗಿ ಜಮೀನು. ವಿಚಿತ್ರ ಏನೆಂದರೆ ಹದವಾಗಿ ಕುರಿ ಮೇಯುವುದು ಅದಕ್ಕೆ ತೊಂದರೆಯಲ್ಲ, ಹುಲ್ಲು ತೀರಾ ಎತ್ತರ ಬೆಳೆದರೆ ಬಿಲದ ಬಾಯಿಂದ ಮಿಡತೆ ಕಾಣೋದಾದರೂ ಹೇಗೆ? ಆದರೆ ಒಂದು ಸಲ ನೇಗಿಲು ಹೊಡೆದರೆ ಜೇಡ ಹೋಯಿತು, ಬಿಲ ಹೋಯಿತು, ಹಾವುರಾಣಿಯೂ ಹೋಯಿತು.

ಅದೇ ವಿಶ್ವವಿದ್ಯಾಲಯದ ಮೈಕ್ ಬುಲ್ ಅವರನ್ನು ನೆನೆಯದೆ ಅಡಿಲೇಡ್ ಬಿಡೋ ಹಾಗಿಲ್ಲ. ಪರ್ತ್‌ನವರು ಬಾಬ್‌ಟೇಲ್ ಅಂತ ಕರೆಯೋ ಪ್ರಾಣಿಗೆ ಇಲ್ಲಿ ಸ್ಲೀಪಿ ಲಿಜರ್ಡ್ ಅಂತ ಹೆಸರು. ಬುಲ್ ಅವರು ಮೌಂಟ್ ಮೇರಿ ಎಂಬ ಜಾಗದಲ್ಲಿ ಅದರ ಮೈಮೇಲಿನ ಉಣ್ಣೆಗಳ ಅಧ್ಯಯನಕ್ಕೆ ಹೊರಟವರು. ಎರಡು ಜಾತಿಯ ಉಣ್ಣೆಗಳು ನೆಲದ ಮೇಲೆ ಗೆರೆ ಎಳೆದ ಹಾಗೆ ತಮ್ಮ ತಮ್ಮ ಸೀಮೆ ಬಿಟ್ಟು ದಾಟುತ್ತಿರಲಿಲ್ಲ, ಅದು ಯಾಕೆ ಅಂತ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಉಣುಗು ಕಂಡವರಿಗೆ ಉಣ್ಣೆಯ ಹಿಂದೆ ಜೀವಮಾನ ಕಳೆಯೋದು ಹುಚ್ಚು ಅನ್ನಿಸಲಾರದು. 1982ರಿಂದ ವರ್ಷ ವರ್ಷವೂ ಹಾವುರಾಣಿಗಳಿಗೆ ಗುರುತು ಹಾಕಿ ನೋಡುತ್ತಾ ಹೋದಾಗ ಬೇರೆಯೇ ಒಂದು ವಿಷಯ ಕಂಡಿತು. ಪ್ರತಿ ವಸಂತದಲ್ಲೂ ಅದೇ ಗಂಡು, ಅದೇ ಹೆಣ್ಣು ಜೊತೆಯಾಗುತ್ತಿದ್ದವು. ಕೆಲವು ವಾರ ಒಟ್ಟಿಗೆ ಓಡಾಡಿ, ಬೇರೆಯಾಗಿ, ಮುಂದಿನ ವರ್ಷ ಮತ್ತೆ ಸೇರುತ್ತಿದ್ದವು. ಇಪ್ಪತ್ತು ವರ್ಷ ದಾಟಿದ ಜೋಡಿಗಳೂ ಇವೆ. ಕಾರಿಗೆ ಸಿಕ್ಕಿ ಸತ್ತ ಸಂಗಾತಿಯ ಪಕ್ಕ ಇನ್ನೊಂದು ನಿಂತೇ ಇದ್ದದ್ದೂ ದಾಖಲಾಗಿದೆ. ಅದು ದುಃಖವೇ ಅಂತ ಕೇಳಿದರೆ ನಾವು ಹೌದು ಅನ್ನಲು ಹೋಗೋದಿಲ್ಲ, ಆದರೆ ರಸ್ತೆಯಲ್ಲಿ ಒಂದು ದಾಟಿತು ಅಂತ ಕಾರು ಜೋರು ಮಾಡಬೇಡಿ, ಹಿಂದೆ ಇನ್ನೊಂದು ಇರಬಹುದು. ಬುಲ್ ಅವರು 2016ರಲ್ಲಿ ತೀರಿಕೊಂಡರು.

ಬ್ರಿಸ್ಬೇನ್ ಕಥೆಗೆ ಮುಂಚೆ ಹಾವಿನ ಮಾತು ಮುಗಿಸಿಬಿಡೋಣ, ಇಲ್ಲದಿದ್ದರೆ ಕೇಳುತ್ತಿರುವ ಅಮ್ಮಂದಿರು ಮಕ್ಕಳನ್ನು ಹೊರಗೆ ಬಿಡೋದಿಲ್ಲ. ನಮ್ಮವರಿಗೆ ಹಾವಿನ ವಿಷಯದಲ್ಲಿ ಎರಡೇ ರೀತಿ ಗೊತ್ತಿರೋದು, ಹುತ್ತಕ್ಕೆ ಹಾಲೆರೆಯೋದು, ಇಲ್ಲವೇ ಕೋಲು ಹುಡುಕೋದು. ಆಸ್ಟ್ರೇಲಿಯಾದಲ್ಲಿ ಎರಡೂ ಬೇಡ. ಪರ್ತ್‌ನಲ್ಲಿ ಡ್ಯೂಗೈಟ್ ಮತ್ತು ಟೈಗರ್ ಸ್ನೇಕ್, ಬ್ರಿಸ್ಬೇನ್ ಅಡಿಲೇಡ್ ಎರಡರಲ್ಲೂ ಬ್ರೌನ್ ಸ್ನೇಕ್ ಇವೆ. ಎಲ್ಲವೂ ನಮ್ಮ ನಾಗರಹಾವು, ಕಟ್ಟುಹಾವುಗಳ ಕುಟುಂಬದವು. ಕೊಳಕುಮಂಡಲದ ಕುಟುಂಬದ್ದು ಆ ಖಂಡದಲ್ಲೇ ಇಲ್ಲ. ಈ ವ್ಯತ್ಯಾಸದಿಂದ ಪ್ರಥಮ ಚಿಕಿತ್ಸೆಯೂ ಬೇರೆ. 1979ರಲ್ಲಿ ಮೆಲ್ಬರ್ನ್‌ನ ಸ್ಟ್ರೂವನ್ ಸದರ್ಲೆಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಪದ್ಧತಿಯ ಪ್ರಕಾರ, ಕಡಿದ ಕೈಗೋ ಕಾಲಿಗೋ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಪೂರ್ತಿ ಉದ್ದಕ್ಕೂ ಬಿಗಿಯಾಗಿ ಸುತ್ತಿ, ಪಟ್ಟಿ ಕಟ್ಟಿ, ವ್ಯಕ್ತಿಯನ್ನು ಒಂದು ಹೆಜ್ಜೆಯೂ ನಡೆಸದೆ 000ಗೆ ಫೋನ್ ಮಾಡಬೇಕು. ಗಾಯ ತೊಳೆಯಬಾರದು, ಚರ್ಮದ ಮೇಲೆ ಉಳಿದ ವಿಷದಿಂದಲೇ ಯಾವ ಗುಂಪಿನ ಹಾವು ಅಂತ ಆಸ್ಪತ್ರೆಯಲ್ಲಿ ಪರೀಕ್ಷಿಸಬಹುದು. ಆದರೆ ಇದನ್ನೇ ಕಲಿತು ಊರಿಗೆ ಬಂದು ಕೊಳಕುಮಂಡಲದ ಕಡಿತಕ್ಕೆ ಬಿಗಿಯಾಗಿ ಸುತ್ತಬೇಡಿ. ಅದರ ವಿಷ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಅಲ್ಲೇ ಒತ್ತಿ ಹಿಡಿದರೆ ಹಾನಿ ಜಾಸ್ತಿ. ಊರಲ್ಲಿ ಮಾಡಬೇಕಾದ್ದು ಕಾಲು ಮುರಿದಾಗ ಮಾಡುವ ಹಾಗೆ ಅಲುಗಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಸೇರಿಸೋದು. ಆಸ್ಟ್ರೇಲಿಯಾದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ ಇಬ್ಬರು. ಭಾರತದಲ್ಲಿ, 2000ದಿಂದ 2019ರವರೆಗಿನ ಅಂದಾಜಿನಂತೆ, ವರ್ಷಕ್ಕೆ 58 ಸಾವಿರ. ಕರ್ನಾಟಕ ಸರ್ಕಾರ 2024ರಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿದ್ದು ಬಹಳ ಅಗತ್ಯವಾಗಿತ್ತು.

ಈಗ ಬ್ರಿಸ್ಬೇನ್. ಊರಿನ ನಡುವಿನ ರೋಮಾ ಸ್ಟ್ರೀಟ್ ಪಾರ್ಕ್‌ಲ್ಯಾಂಡ್‌ನಲ್ಲಿ ನೀರು ಓತಿಗಳು ಜನರ ಕಾಲ ಹತ್ತಿರವೇ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಮನೆಯ ಅಟ್ಟದಲ್ಲಿ ಕಾರ್ಪೆಟ್ ಹೆಬ್ಬಾವು ಇರೋದು ಅಲ್ಲಿ ಸುದ್ದಿಯೇ ಅಲ್ಲ, ಇಲಿ ಕಾಟ ಇರೋದಿಲ್ಲ ಅಂತ ಸುಮ್ಮನಿರುವವರೂ ಇದ್ದಾರೆ. ಮಳೆ ಬಂದ ಬೇಸಿಗೆ ರಾತ್ರಿಗಳಲ್ಲಿ ಡಾಗ್ವಿಲಾರ್ ಬೆಟ್ಟಸಾಲಿನ ಮೌಂಟ್ ಗ್ಲೋರಿಯಸ್ ಕಡೆ ಹೋದರೆ ಮಡಿಕೇರಿಯೋ ಆಗುಂಬೆಯೋ ಅನ್ನಿಸುವಷ್ಟು ಕಪ್ಪೆ ಸದ್ದು. ಆದರೆ ಆ ಸದ್ದಿನಲ್ಲಿ ಒಂದೆರಡು ದನಿ ಇಲ್ಲ.

1972ರಲ್ಲಿ ಬ್ರಿಸ್ಬೇನ್‌ನ ಉತ್ತರಕ್ಕಿರುವ ಕಾನಂಡೇಲ್ ಮತ್ತು ಬ್ಲಾಕಾಲ್ ಬೆಟ್ಟಗಳ ತೊರೆಗಳಲ್ಲಿ ಒಂದು ಕಪ್ಪೆ ಸಿಕ್ಕಿತು. ಮರುವರ್ಷ ಡೇವಿಡ್ ಲೀಮ್ ಅದನ್ನು ಹೊಸ ಪ್ರಭೇದ ಅಂತ ವಿವರಿಸಿದರು. ನೋಡೋಕೆ ವಿಶೇಷ ಏನಿಲ್ಲ, ಕಂದು ಬಣ್ಣ, ಯಾವಾಗಲೂ ನೀರಲ್ಲೇ. ಆದರೆ ತೊಟ್ಟಿಯಲ್ಲಿ ಸಾಕಿದ್ದ ಒಂದು ಹೆಣ್ಣು ಬಾಯಿ ತೆರೆದು ಮರಿಗಪ್ಪೆಗಳನ್ನು ಹೊರಗೆ ಬಿಟ್ಟಿತು! ಕ್ರಿಸ್ ಕಾರ್ಬೆನ್, ಗ್ಲೆನ್ ಇಂಗ್ರಾಂ ಮತ್ತು ಅಡಿಲೇಡ್ ವಿಶ್ವವಿದ್ಯಾಲಯದ ಮೈಕ್ ಟೈಲರ್ 1974ರಲ್ಲಿ ಇದನ್ನು ಪ್ರಕಟಿಸಿದಾಗ ಜೀವವಿಜ್ಞಾನದವರು ಬೆರಗಾದರು. ಹೆಣ್ಣು ತಾನಿಟ್ಟ ಮೊಟ್ಟೆಗಳನ್ನು ನುಂಗುತ್ತದೆ. ಸುಮಾರು ಇಪ್ಪತ್ತು ಮೊಟ್ಟೆಗಳು ಅದರ ಜಠರದಲ್ಲೇ ಒಡೆದು, ಗೊದಮೊಟ್ಟೆಯಾಗಿ, ಕಪ್ಪೆಯಾಗುತ್ತವೆ. ಆರೇಳು ವಾರ ತಾಯಿಗೆ ಊಟ ಇಲ್ಲ. ಹೊಟ್ಟೆ ಎಷ್ಟು ಉಬ್ಬುತ್ತದೆ ಅಂದರೆ ಶ್ವಾಸಕೋಶಕ್ಕೆ ಜಾಗವೇ ಉಳಿಯೋದಿಲ್ಲ, ಚರ್ಮದಿಂದಲೇ ಉಸಿರಾಟ.

ಜಠರ ಅಂದರೆ ಆಮ್ಲದ ಪಾತ್ರೆ. ಮರಿಗಳು ಜೀರ್ಣವಾಗದೆ ಉಳಿದದ್ದು ಹೇಗೆ? ಮೊಟ್ಟೆಯ ಸುತ್ತಲಿನ ಲೋಳೆಯಲ್ಲಿ, ಆಮೇಲೆ ಗೊದಮೊಟ್ಟೆಗಳ ಸ್ರಾವದಲ್ಲಿ ಪ್ರೋಸ್ಟಾಗ್ಲ್ಯಾಂಡಿನ್ ಇ2 ಎಂಬ ರಾಸಾಯನಿಕ ಇತ್ತು. ಅದು ಆಮ್ಲ ಸುರಿಯೋದನ್ನೇ ನಿಲ್ಲಿಸುತ್ತಿತ್ತು. ಹೊಟ್ಟೆ ಹುಣ್ಣಿನಿಂದ ನರಳುವ ಮನುಷ್ಯರಿಗೆ ಇದರಿಂದ ಏನಾದರೂ ದಾರಿ ಸಿಗಬಹುದೇ ಅಂತ ಸಂಶೋಧನೆ ಶುರುವಾಯಿತು. ಮುಂದುವರಿಸೋಕೆ ಕಪ್ಪೆಗಳೇ ಸಿಗಲಿಲ್ಲ. ಕಾಡಿನಲ್ಲಿ ಕೊನೆಯದಾಗಿ ಕಂಡದ್ದು 1981ರಲ್ಲಿ. ತೊಟ್ಟಿಯಲ್ಲಿ ಉಳಿದಿದ್ದ ಕೊನೆಯದು ಸತ್ತದ್ದು 1983ರ ನವೆಂಬರ್‌ನಲ್ಲಿ. ಮರು ಜನವರಿಯಲ್ಲಿ ಉತ್ತರದ ಯೂಂಗೆಲ್ಲಾ ಕಾಡಿನಲ್ಲಿ ಅದರ ದಾಯಾದಿ ಒಂದು ಸಿಕ್ಕಿ ಎಲ್ಲರಿಗೂ ಜೀವ ಬಂದಂತಾಯಿತು. 1985ರ ಮಾರ್ಚ್‌ನ ನಂತರ ಅದೂ ಇಲ್ಲ. ಬ್ರಿಸ್ಬೇನ್ ಸುತ್ತಲಿನ ತೊರೆಗಳಲ್ಲಿ ಹಗಲಲ್ಲೇ ಓಡಾಡುತ್ತಿದ್ದ ಪುಟ್ಟ ಹಗಲುಗಪ್ಪೆ ಕೂಡ 1979ರ ನಂತರ ಕಂಡಿಲ್ಲ.

ಕಾಡು ಕಡಿದಿರಲಿಲ್ಲ, ತೊರೆಯಲ್ಲಿ ನೀರು ಚೆನ್ನಾಗಿತ್ತು. ಹಾಗಾದರೆ ಕೊಂದದ್ದು ಯಾರು? ಉತ್ತರದ ಎಳೆ ಸಿಕ್ಕಿದ್ದು 1998ರಲ್ಲಿ, ಲೀ ಬರ್ಗರ್ ಮತ್ತು ಸಂಗಡಿಗರು ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದೇ ಶಿಲೀಂಧ್ರವನ್ನು ಕಂಡಾಗ. ಅದರ ಹೆಸರು ಕೈಟ್ರಿಡ್. ಕಪ್ಪೆಗೆ ಚರ್ಮ ಬರೀ ಹೊದಿಕೆಯಲ್ಲ, ಉಸಿರಾಟವೂ ಅದರಿಂದ, ದೇಹದ ಉಪ್ಪಿನ ಹದ ಕಾಯುವುದೂ ಅದೇ. ಶಿಲೀಂಧ್ರ ಹಿಡಿದ ಚರ್ಮ ಆ ಕೆಲಸ ಬಿಟ್ಟಾಗ ಸೋಡಿಯಂ, ಪೊಟ್ಯಾಸಿಯಂ ಕುಸಿದು ಕೊನೆಗೆ ಹೃದಯವೇ ನಿಲ್ಲುತ್ತದೆ. 2019ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನಾದ್ಯಂತ 501 ಪ್ರಭೇದಗಳು ಇದರಿಂದ ಕುಗ್ಗಿವೆ, 90 ಅಳಿದೇ ಹೋಗಿರಬಹುದು ಅಂತ ಬಂತು. ಒಂದೇ ರೋಗ ಇಷ್ಟು ಜಾತಿಯ ಪ್ರಾಣಿಗಳನ್ನು ಮುಗಿಸಿದ್ದು ಬೇರೆ ದಾಖಲೆಯಿಲ್ಲ. ಜಠರದಲ್ಲಿ ಮರಿ ಮಾಡುವ ಕಪ್ಪೆ ಇದರಿಂದಲೇ ಹೋಯಿತು ಅಂತ ಅಂದಿನ ಸಾಕ್ಷಿ ಇಟ್ಟು ಸಾಬೀತು ಮಾಡಲು ಕಷ್ಟ, ಆದರೆ ಬೆಟ್ಟದ ತೊರೆಯ ಕಪ್ಪೆಗಳೇ ಒಂದರ ಹಿಂದೊಂದು ಹೋದ ರೀತಿ ಅದನ್ನೇ ಹೇಳುತ್ತದೆ.

ಜನ ಹುಡುಕೋದು ಬಿಟ್ಟಿಲ್ಲ. ಬಿಡದಿರಲು ಕಾರಣವೂ ಇದೆ. ಯೂಂಗೆಲ್ಲಾದಿಂದಲೇ 1985ರ ಹೊತ್ತಿಗೆ ಮಾಯವಾದ ಇನ್ನೊಂದು ಹಗಲುಗಪ್ಪೆ 1992ರಲ್ಲಿ ಮತ್ತೆ ಸಿಕ್ಕಿತು. ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1991ರ ನಂತರ ಕಾಣದ ಕವಚದ ಮಂಜುಗಪ್ಪೆ 2008ರಲ್ಲಿ, ಬಿಸಿಲು ಬೀಳುವ ಒಣ ಕಾಡಿನ ತೊರೆಯಲ್ಲಿ ಸಿಕ್ಕಿತು. ಬಿಸಿಯಾದ ಬಂಡೆಯ ಮೇಲೆ ಕೂರುವ ಕಪ್ಪೆಯ ಮೈಯಲ್ಲಿ ತಂಪು ಬಯಸುವ ಶಿಲೀಂಧ್ರ ಜಾಸ್ತಿ ಬೆಳೆಯೋದಿಲ್ಲ ಅನ್ನೋದು ಒಂದು ವಿವರಣೆ. ಆದರೆ ಜಠರದ ಕಪ್ಪೆಗಳ ಲೆಕ್ಕದಲ್ಲಿ ನಾಲ್ಕು ದಶಕದ ಬರಿಗೈ ರಾತ್ರಿಗಳಿವೆ. ಅವು ಎಲ್ಲಿರುತ್ತಿದ್ದವು, ಯಾವಾಗ ಹೊರಬರುತ್ತಿದ್ದವು ಅಂತ ಗೊತ್ತಿದ್ದವರೇ ಹುಡುಕಿದ ರಾತ್ರಿಗಳು ಅವು. ಇಲ್ಲಿ ಆ ಮೊದಲ ಸಂಖ್ಯೆ ಸೊನ್ನೆಯಲ್ಲ. ಹಾಗಾಗಿ ನಾವು ಆಸೆ ಇಟ್ಟುಕೊಂಡಿಲ್ಲ ಅಂತ ಹೇಳಿಬಿಡುತ್ತೇವೆ. 2013ರಲ್ಲಿ ಮೈಕ್ ಆರ್ಚರ್ ಅವರ ತಂಡ ಟೈಲರ್ ಅವರ ಫ್ರೀಜರಿನಲ್ಲಿ ಉಳಿದಿದ್ದ ಅಂಗಾಂಶದಿಂದ ಕೋಶಕೇಂದ್ರ ತೆಗೆದು ಬೇರೆ ಕಪ್ಪೆಯ ಮೊಟ್ಟೆಗೆ ಸೇರಿಸಿ ಭ್ರೂಣ ಮಾಡಿಸಿದ್ದನ್ನು ಪ್ರಕಟಿಸಿತು. ಅವು ಕೆಲವೇ ದಿನ ಬದುಕಿದವು.

ಇದೆಲ್ಲ ದೂರದ ಕಥೆ ಅನ್ನಿಸಿದರೆ, ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುವ ಗಂಡು ಕಪ್ಪೆ ಇದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದಕ್ಕೆ 'ಕುಂಬಾರ' ಅಂತಲೇ ಹೆಸರಿಟ್ಟು ವಿವರಿಸಿದ್ದು 2014ರಲ್ಲಿ, ಮೊನ್ನೆ ಮೊನ್ನೆ. ಅದೂ ತೊರೆಯ ಕಪ್ಪೆ. ಅದರ ಬಗ್ಗೆ ತಿಳಿಯುವ ಮೊದಲೇ ಅದು ಹೋಗಿಬಿಟ್ಟಿದ್ದರೆ ನಮಗೆ ಹೋದದ್ದು ಅಂತಲೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಹುಡುಕಲು ಹೊರಡೋ ಮುಂಚೆ ಮೊದಲ ಕೆಲಸ ಬೂಟಿನದ್ದು. ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವಾಗ ಕೆಸರು ಉಜ್ಜಿ ತೆಗೆದು, ಕ್ರಿಮಿನಾಶಕದಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ. ಶಿಲೀಂಧ್ರಕ್ಕೆ ಒಣಗೋದು ಅಂದರೆ ಆಗೋದಿಲ್ಲ. ಕಪ್ಪೆ ಮುಟ್ಟಬೇಡಿ, ಅದರಲ್ಲೂ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿಯಿರಿ, ಆಗ ಹಲ್ಲಿಯ ಕಣ್ಣು ಕೆಂಡದ ಚೂರಿನ ಹಾಗೆ ಹೊಳೆಯುತ್ತದೆ. ಹುಲ್ಲಿನಲ್ಲಿ ವಜ್ರ ಚೆಲ್ಲಿದ ಹಾಗೆ ಕಂಡರೆ ಅವು ಜೇಡಗಳು. ಕಲ್ಲು ಎತ್ತಿದರೆ ಅದೇ ಜಾಗಕ್ಕೆ ಅದೇ ಮಗ್ಗುಲಲ್ಲಿ ಇಡಿ. ಪರ್ತ್‌ನ ಬೆಟ್ಟಗಳಲ್ಲಿ ಗ್ರಾನೈಟ್ ಬಂಡೆ ಹಪ್ಪಳದ ಹಾಗೆ ಎದ್ದಿರುತ್ತದೆ, ಅದರ ಅಡಿಯ ಸಂದಿಯಲ್ಲಿ ಚಪ್ಪಟೆ ಮೈಯ ಓತಿಗಳಿರುತ್ತವೆ. ಆ ಹಪ್ಪಳವನ್ನು ಮೀಟಲೇಬೇಡಿ, ಮುರಿದರೆ ಇನ್ನೊಂದು ಏಳೋಕೆ ನಮ್ಮ ನಿಮ್ಮ ಆಯುಷ್ಯ ಸಾಲದು. ಮೂರೂ ರಾಜ್ಯಗಳಲ್ಲಿ ಪರವಾನಗಿ ಇಲ್ಲದೆ ಕಾಡುಪ್ರಾಣಿ ಹಿಡಿಯೋದು ಅಪರಾಧ. ಬಾಬ್‌ಟೇಲ್‌ಗಳನ್ನು ಪಾರ್ಸೆಲ್‌ಗಳಲ್ಲಿ ತುಂಬಿ ಹೊರದೇಶಕ್ಕೆ ಕದ್ದು ಸಾಗಿಸುವ ದಂಧೆ ಇರೋದರಿಂದ, ಅಪರೂಪದ್ದು ಕಂಡರೆ ಜಾಗದ ನಿಖರ ವಿವರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗೋದು ಕಷ್ಟ, ಆದರೆ ಅವುಗಳ ದನಿ ಹಿಡಿಯೋದು ಸುಲಭ. ಆಸ್ಟ್ರೇಲಿಯನ್ ಮ್ಯೂಸಿಯಂ 2017ರಲ್ಲಿ ಶುರುಮಾಡಿದ ಫ್ರಾಗ್‌ಐಡಿ ಎಂಬ ಉಚಿತ ಆ್ಯಪ್ ಇದೆ. ಹಿತ್ತಲ ಹೊಂಡದ ಪಕ್ಕ ನಿಂತು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಿದರೆ, ಅಲ್ಲಿ ಕೂತವರು ಕೇಳಿ ಯಾವ ಕಪ್ಪೆ ಅಂತ ತಿಳಿಸುತ್ತಾರೆ. ಬ್ರಿಸ್ಬೇನ್‌ನವರು ಅಕ್ಟೋಬರ್‌ನಿಂದ ಮಾರ್ಚ್ ನಡುವೆ ಮಳೆ ಬಂದ ರಾತ್ರಿ ಪ್ರಯತ್ನಿಸಿ, ಪರ್ತ್ ಅಡಿಲೇಡ್‌ನವರು ಚಳಿಗಾಲದ ಕೊನೆಯಿಂದಲೇ ಶುರುಮಾಡಬಹುದು. ಪಕ್ಕದಲ್ಲಿ ಮಕ್ಕಳು ಮಾತಾಡದಂತೆ ನೋಡಿಕೊಳ್ಳೋದೊಂದೇ ತೊಂದರೆ. ಮುಂದಿನ ಕಂತಿನಲ್ಲಿ ಸಿಗೋಣ.